ಮಿನಸ್ಕ್ಯೂಲ್ ಮತ್ತು ಕಿರುಬೆರಳು

ಅಕ್ಕಾ, ಮಗಳಿಗೆ ಶಾಲೆಯಲ್ಲಿ ‘ಮಿನಸ್ಕ್ಯೂಲ್’ ಪದ ಕೊಟ್ಟಿದ್ದಾರೆ, ಕನ್ನಡದಲ್ಲಿ ಹೇಗೆ ಹೇಳಿಕೊಡಲಿ ಅಂತ ಕೇಳಿದ್ದಿರಲ್ಲ. ‘ತೀರಾ ಚಿಕ್ಕದು’ ಎಂದಷ್ಟೇ ಹೇಳಿ ಪುಸ್ತಕ ಮಡಚಬೇಡಿ.

ಲೆಕ್ಕದಲ್ಲಿ ಅವಳು ದಿನಾ ಬರೆಯುವ ಮೈನಸ್ಸೇ ಇದರ ಬೇರು. ಲ್ಯಾಟಿನ್ನಿನ ‘ಮಿನುಸ್’ ಎಂದರೆ ಕಡಿಮೆ. ಅದಕ್ಕೆ ‘ಪುಟ್ಟದು’ ಎಂದು ಸೂಚಿಸುವ ‘ಕುಲುಸ್’ ಸೇರಿ ‘ಮಿನುಸ್ಕುಲುಸ್’, ಅಂದರೆ ತುಸು ಚಿಕ್ಕದು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದು ಮೊದಲು ಹೇಳಿದ್ದು ಹಸ್ತಪ್ರತಿಯ ಸಣ್ಣಕ್ಷರವನ್ನು. ಈಗಿನ ಅರ್ಥ ಬಂದದ್ದು ಆಮೇಲೆ. ನಮ್ಮ ಶನಿವಾರದ ಕ್ಲಾಸಿನಲ್ಲಿ ‘ಕನ್ನಡದ ಕ್ಯಾಪಿಟಲ್ ಅಕ್ಷರ ಎಲ್ಲಿ?’ ಎಂದು ಮಕ್ಕಳು ಕೇಳುತ್ತಾರಲ್ಲ, ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲ ಎಂದು ಹೇಳಲು ಇದೇ ಸಮಯ.

‘ಮಸಲ್’ (ಸ್ನಾಯು) ಪದದಲ್ಲೂ ಅದೇ ‘ಕುಲುಸ್’ ಬಾಲ. ‘ಮುಸ್ಕುಲುಸ್’ ಎಂದರೆ ಪುಟ್ಟ ಇಲಿ! ತೋಳು ಮಡಚಿಸಿ ತೋರಿಸಿ, ಇಲಿ ಓಡುತ್ತದೆ.

‘ಮೈನರ್’, ‘ಮೈನಾರಿಟಿ’ ಕೂಡ ಇದೇ ಮನೆತನದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮೂರ ಕನ್ನಡದವರಿಗೆ ‘ಭಾಷಾ ಅಲ್ಪಸಂಖ್ಯಾತರು’ ಎಂಬ ಪಟ್ಟಿ ಅಂಟಿತಷ್ಟೆ. ಅದನ್ನು ಮಗುವಿಗೆ ಈಗಲೇ ಹೇಳಬೇಕೆಂದೇನಿಲ್ಲ.

ಹೇಳಬೇಕಾದ್ದು ‘ಕಿರು’. ಕಿರುನಗೆ, ಕಿರುಗೆಜ್ಜೆ, ಕಿರುಬೆರಳು. ರಜೆಯಲ್ಲಿ ಕಾಸರಗೋಡಿನ ಕುಂಬಳೆಗೆ ಹೋದಾಗ ಪಕ್ಕದ ಮನೆಯ ಮಲಯಾಳಿ ಮಕ್ಕಳು ಅದೇ ಬೆರಳಿಗೆ ‘ಚೆರುವಿರಲ್’ ಅನ್ನುವುದನ್ನು ಅವಳೇ ಕೇಳಲಿ. ನಮ್ಮ ಕಿವಿ ಅವರಿಗೆ ‘ಚೆವಿ’, ಕೆರೆ ‘ಚಿರ’. ‘ಇ’, ‘ಎ’ ಸ್ವರಗಳ ಮುಂದೆ ಕನ್ನಡ ಉಳಿಸಿಕೊಂಡ ‘ಕ’ ತಮಿಳು, ಮಲಯಾಳದಲ್ಲಿ ‘ಚ’ ಆಗಿದೆ. ಲ್ಯಾಟಿನ್ನಿನ ‘ಕೆಂಟುಮ್’, ಅಂದರೆ ನೂರು, ಇಟಾಲಿಯನ್ನಿನಲ್ಲಿ ‘ಚೆಂತೊ’ ಆದದ್ದೂ ಹೀಗೆಯೇ. ಕಾಗುಣಿತ ಹತ್ತು ಸಲ ತಿದ್ದಿಸುವುದಕ್ಕಿಂತ ಇಂಥ ಪತ್ತೇದಾರಿಕೆ ಮಕ್ಕಳಿಗೆ ಹಿಡಿಸುತ್ತದೆ ಎನ್ನುವವಳು ನಾನು. ಮೂರು ನಾಲ್ಕು ಭಾಷೆ ಕಿವಿಗೆ ಬೀಳುವ ನಮ್ಮಂಥ ಊರು ಎಲ್ಲರಿಗೂ ಸಿಗುವುದಿಲ್ಲ.

ಇನ್ನೊಂದು, ಪರೀಕ್ಷೆಯ ದೃಷ್ಟಿಯಿಂದ. ‘ಮಿನಿ’ ನೆನಪಾಗಿ ಮಕ್ಕಳು ‘ಮಿನಸ್ಕ್ಯೂಲ್’ ಸ್ಪೆಲ್ಲಿಂಗಿನ ನಡುವೆ ‘ಯು’ ಬದಲು ‘ಐ’ ಹಾಕಿಬಿಡುತ್ತಾರೆ. ‘ಮಿನಿ’ ಬಂದದ್ದು ‘ಮಿನಿಯೇಚರ್’ನಿಂದ, ಅದರ ಬೇರು ‘ಮಿನಿಯಂ’: ಹಸ್ತಪ್ರತಿಗಳಿಗೆ ಬಳಿಯುತ್ತಿದ್ದ ಕೆಂಪು ಬಣ್ಣ. ಗಾತ್ರಕ್ಕೂ ಅದಕ್ಕೂ ಮೂಲದಲ್ಲಿ ನಂಟಿಲ್ಲ. ಮೊದಲು ‘ಮೈನಸ್’ ಬರೆಸಿ, ಆ ಐದು ಅಕ್ಷರದ ಮುಂದೆ ಉಳಿದದ್ದನ್ನು ಸೇರಿಸಲಿ. ‘ಯು’ ತಾನಾಗಿ ಬರುತ್ತದೆ.