‘ಬೆಳೆ’ಯಲ್ಲಿ ಎರಡೇ ಅಕ್ಷರವಿರುವಾಗ ಧ್ವನಿಮಾ ನಾಲ್ಕು ಹೇಗೆ?

ಪ್ರಶ್ನೆ (ಸಿಂಧನೂರು)
ಕನ್ನಡ ಎಂ.ಎ. ಪರೀಕ್ಷೆಗೆ ಮನೆಯಲ್ಲಿಯೇ ಓದುತ್ತಿದ್ದೇನೆ. ಅರ್ಥವನ್ನು ಬೇರೆ ಮಾಡುವ ಅತಿ ಚಿಕ್ಕ ಧ್ವನಿ ಧ್ವನಿಮಾ, ಅರ್ಥವಿರುವ ಅತಿ ಚಿಕ್ಕ ಘಟಕ ಆಕೃತಿಮಾ ಎಂಬ ವ್ಯಾಖ್ಯೆ ಬಾಯಿಪಾಠವಾಗಿದೆ. ಆದರೆ ‘ಬೆಳೆ’ ಎಂಬಲ್ಲಿ ಕಣ್ಣಿಗೆ ಎರಡೇ ಅಕ್ಷರ ಕಾಣುವಾಗ ನಾಲ್ಕು ಧ್ವನಿಮಾ ಎಲ್ಲಿಂದ ಬಂದವು? ‘ಮನೆಗೆ’, ‘ಮರಕ್ಕೆ’ ಎಂಬಲ್ಲಿನ ಗೆ, ಕ್ಕೆ ಎರಡು ಆಕೃತಿಮಾಗಳೋ, ಒಂದೋ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ರಾಯಚೂರು)
ಅಕ್ಷರ ಬರವಣಿಗೆಯದು, ಧ್ವನಿಮಾ ಮಾತಿನದು. ನಮ್ಮ ಲಿಪಿಯಲ್ಲಿ ವ್ಯಂಜನವೂ ಸ್ವರವೂ ಒಂದೇ ಅಕ್ಷರದಲ್ಲಿ ಕೂಡಿರುವುದರಿಂದ ‘ಬೆಳೆ’ಯನ್ನು ಬಿಡಿಸಿದರೆ ಬ್, ಎ, ಳ್, ಎ ಸಿಗುತ್ತವೆ. ಇವುಗಳಲ್ಲಿ ಯಾವುದಕ್ಕೂ ಸ್ವಂತ ಅರ್ಥವಿಲ್ಲ. ಆದರೂ ನಾಲಿಗೆ ಮಡಚುವುದನ್ನು ಬಿಟ್ಟು ಳ್ ಇದ್ದಲ್ಲಿ ಲ್ ಎಂದರೆ ‘ಬೆಲೆ’ ಆಗುತ್ತದೆ. ಹತ್ತಿ ಮಾರಲು ಬಂದ ರೈತ ‘ಬೆಳೆ ಐತಿ, ಬೆಲೆ ಇಲ್ಲ’ ಎಂದಾಗ ಅವನ ಸಂಕಟವೆಲ್ಲ ಆ ಒಂದು ವ್ಯತ್ಯಾಸದ ಮೇಲೆ ನಿಂತಿರುತ್ತದೆ. ಅರ್ಥವನ್ನು ಬೇರೆ ಮಾಡುವುದರಿಂದಲೇ ಲ್, ಳ್ ಎರಡು ಧ್ವನಿಮಾಗಳು. ಅಂಕ, ಅಂಚೆ, ಅಂಬು ಎಂದು ಉಚ್ಚರಿಸಿ ನೋಡಿ: ಸೊನ್ನೆ ಒಂದೇ, ಮೂಗಿನ ಧ್ವನಿ ಮೂರು ಬಗೆ. ಆದರೆ ಅಂಕದ ಙ್, ಅಂಚೆಯ ಞ್ ಮುಂದಿನ ವ್ಯಂಜನ ತಾನಾಗಿ ತಂದುಕೊಂಡವು; ವರ್ಣಮಾಲೆಯಲ್ಲಿ ಸ್ಥಾನವಿದ್ದರೂ ಇವನ್ನು ಸ್ವತಂತ್ರ ಧ್ವನಿಮಾಗಳೆಂದು ಎಣಿಸಲು ನನಗೆ ಮನಸ್ಸಾಗದು.

ಉತ್ತರ 2 (ಕೊಪ್ಪಳ)
ಗೆ, ಕ್ಕೆ ಒಂದೇ ಆಕೃತಿಮಾದ ಎರಡು ರೂಪಗಳು. ‘ಊರಿಗೆ’ಯ ಇಗೆಯನ್ನೂ ಸೇರಿಸಿಕೊಳ್ಳಿ. ಅರ್ಥ ಒಂದೇ, ಯಾವ ಪದದ ಮುಂದೆ ಯಾವುದು ಎಂಬುದು ಮಾತ್ರ ಬೇರೆ. ‘ಮರಗೆ’ ಎಂದು ಯಾರೂ ಅನ್ನುವುದಿಲ್ಲ. ಗಾತ್ರ ನೋಡಿ ಮೋಸಹೋಗಬೇಡಿ. ‘ನವಣೆ’ಗೆ ಮೂರು ಅಕ್ಷರವಿದ್ದರೂ ಆಕೃತಿಮಾ ಒಂದೇ, ‘ಅವನೂ’ ಎಂಬುದರ ಕೊನೆಯ ಊ ಒಂದೇ ಧ್ವನಿಯಾದರೂ ‘ಸಹ’ ಎಂಬ ಅರ್ಥವನ್ನು ಪೂರ್ತಿ ಕೊಡುತ್ತದೆ. ನಮ್ಮ ಕಡೆಯ ‘ಇಲ್ರಿ’ಯಲ್ಲಿರುವ ರಿ ಬಿಟ್ಟು ಹಿರಿಯರ ಮುಂದೆ ಮಾತನಾಡಿ ನೋಡಿ, ಅದಕ್ಕೆ ಅರ್ಥವಿದೆಯೋ ಇಲ್ಲವೋ ಕೂಡಲೇ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು
‘ಬೆಳೆಗಳಿಗೂ’ ಎಂಬುದನ್ನು ಬಿಡಿಸಿದೆ: ಅಕ್ಷರ ಐದು, ಧ್ವನಿಮಾ ಹತ್ತು, ಬೆಳೆ, ಗಳ್, ಇಗೆ, ಊ ಎಂದು ಆಕೃತಿಮಾ ನಾಲ್ಕು. ಆದರೆ ಇಗೆಯ ಎಕಾರ ಎಲ್ಲಿಯೂ ಕೇಳಿಸುತ್ತಿಲ್ಲ.

ಉತ್ತರ 1 (ರಾಯಚೂರು)
ಲೆಕ್ಕ ಸರಿಯಾಗಿದೆ. ಊ ಬಂದು ಸೇರಿದ್ದರಿಂದ ಆ ಎಕಾರ ಬಿದ್ದುಹೋಯಿತು. ಶಾಲೆಯಲ್ಲಿ ಓದಿದ ಲೋಪಸಂಧಿಯೇ ಇದು.