ಪದಚರ್ಚೆ: ಇಂಪಾಸ್, ಮೀಡಿಯೇಷನ್, ಫ್ಯಾಕ್ಟ್ ಫೈಂಡಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ಶಿಕ್ಷಕರ ಸಂಘವೂ ಶಾಲಾ ಮಂಡಳಿಯೂ ಸಂಬಳ, ಕೆಲಸದ ವೇಳೆ, ತರಗತಿಯ ಗಾತ್ರದ ಬಗ್ಗೆ ಚೌಕಾಸಿ ಮಾಡುವುದಕ್ಕೆ 1975ರ ಕಾನೂನೊಂದಿದೆ. ಅದರ ಬಗ್ಗೆ ಇಲ್ಲಿನ ಕನ್ನಡ ಪಾಲಕರಿಗಾಗಿ ಒಂದು ಪುಟ ಬರೆಯುತ್ತಿದ್ದೇನೆ. ಇಂಥ ಚೌಕಾಸಿಗೆ ‘ಸಾಮೂಹಿಕ ಚೌಕಾಸಿ’ ಎಂಬ ಪದ ಎಲ್ಲರಿಗೂ ಗೊತ್ತು. ಮಾತುಕತೆ ಕುದುರದಿದ್ದಾಗಿನ ಪದಗಳೇ ತೊಡಕು.

ಮೊದಲು ಇಂಪಾಸ್. ‘ಬಿಕ್ಕಟ್ಟು’ ಅಂದರೆ ಸರ್ಕಾರ ಬೀಳುವಂಥ ಸಂಕಟ ಅನಿಸುತ್ತದೆ. ಇಲ್ಲಿ ಅದು ಕಾನೂನಿನ ಒಂದು ಹಂತ ಅಷ್ಟೇ. ‘ಇನ್ನು ನಮ್ಮಿಂದಲೇ ಆಗದು’ ಎಂದು ಒಂದು ಕಡೆಯವರು, ಇಂಥ ಮಾತುಕತೆಗಳನ್ನು ನೋಡಿಕೊಳ್ಳುವ ರಾಜ್ಯದ ಮಂಡಳಿಗೆ ಬರೆದುಕೊಡುತ್ತಾರೆ. ಆಮೇಲೂ ಮಾತುಕತೆ ನಡೆಯುತ್ತದೆ. ಹಾಗಾಗಿ ‘ಮುರಿದುಬಿತ್ತು’ ಅನ್ನುವಂತೆಯೂ ಇಲ್ಲ. ನನಗೆ ‘ಕಗ್ಗಂಟು’ ಹಿಡಿಸಿದೆ.

ಮೀಡಿಯೇಷನ್, ಆರ್ಬಿಟ್ರೇಷನ್ ಎರಡಕ್ಕೂ ನಾವು ‘ಮಧ್ಯಸ್ಥಿಕೆ’ ಅಂತಲೇ ಬರೆದುಬಿಡುತ್ತೇವೆ, ಅಲ್ವಾ? ಮೊದಲನೆಯದರಲ್ಲಿ ಹೊರಗಿನಿಂದ ಬಂದವರು ಇಬ್ಬರನ್ನೂ ಒಪ್ಪಿಸಲು ನೋಡುತ್ತಾರೆ, ತೀರ್ಪು ಕೊಡುವ ಅಧಿಕಾರವಿಲ್ಲ. ಎರಡನೆಯದು ತೀರ್ಪೇ. ಕರ್ನಾಟಕದ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಕೆಲಸವೂ ಹೆಚ್ಚುಕಡಿಮೆ ಮೊದಲನೆಯದೇ. ಆದ್ದರಿಂದ ಅದಕ್ಕೆ ‘ಸಂಧಾನ’, ಇನ್ನೊಂದಕ್ಕೆ ‘ಪಂಚಾಯ್ತಿ ತೀರ್ಪು’ ಇಟ್ಟುಕೊಂಡಿದ್ದೇನೆ.

ಸಂಧಾನವೂ ಫಲಿಸದಿದ್ದರೆ ಫ್ಯಾಕ್ಟ್ ಫೈಂಡಿಂಗ್. ಮೂವರ ಸಮಿತಿ: ಎರಡೂ ಕಡೆಯಿಂದ ಒಬ್ಬೊಬ್ಬರು, ಜೊತೆಗೊಬ್ಬ ಅಧ್ಯಕ್ಷರು. ‘ಸತ್ಯಶೋಧನಾ ಸಮಿತಿ’ ಅಂದರೆ ಯಾರೋ ಹಗರಣ ಮಾಡಿದ್ದಾರೆ ಅನಿಸುತ್ತದೆ. ಇಲ್ಲಿ ನೋಡುವುದು ಶಾಲಾ ಮಂಡಳಿಯ ಲೆಕ್ಕಪತ್ರ, ಬೆಲೆಯೇರಿಕೆ, ಬೇರೆ ಕಡೆಯ ಶಿಕ್ಷಕರ ಸಂಬಳ. ವರದಿಯನ್ನು ಒಪ್ಪಲೇಬೇಕೆಂದೂ ಇಲ್ಲ. ಲಾಸ್ ಏಂಜಲೀಸ್‌ನಲ್ಲಿ 2018ರ ಡಿಸೆಂಬರ್‌ನಲ್ಲಿ ಸಮಿತಿ ಶೇ 6ರ ಸಂಬಳ ಏರಿಕೆಗೆ ಶಿಫಾರಸು ಮಾಡಿತು. ಆದರೂ ಜನವರಿ 14ರಂದು 30 ಸಾವಿರಕ್ಕೂ ಹೆಚ್ಚು ಶಿಕ್ಷಕರು ಮುಷ್ಕರ ಹೂಡಿದರು. ಸಂಬಳದ ಬಗ್ಗೆ ಎರಡೂ ಕಡೆಯವರ ನಡುವಿನ ಅಂತರ ಅಷ್ಟರಲ್ಲಿ ಕಡಿಮೆಯಾಗಿತ್ತು. ಕಿಕ್ಕಿರಿದ ತರಗತಿ, ಶಾಲೆಗೊಬ್ಬ ನರ್ಸ್ ಬೇಕೆಂಬ ಬೇಡಿಕೆ ಉಳಿದಿದ್ದವು. ಸಮಿತಿಯ ವರದಿಯನ್ನು ‘ತೀರ್ಪು’ ಎಂದು ಓದಿದ ಪಾಲಕರು ಶಿಕ್ಷಕರನ್ನೇ ಹಟಮಾರಿಗಳು ಎಂದುಕೊಂಡಾರು. ಅದು ಅನ್ಯಾಯ. ‘ವಸ್ತುಸ್ಥಿತಿ ಪರಿಶೀಲನೆ’ ಆದೀತೇ? ಸ್ವಲ್ಪ ಭಾರ ಅನಿಸುತ್ತಿದೆ.

ಕೊನೆಯದು ಗ್ರೀವೆನ್ಸ್. ‘ಕುಂದುಕೊರತೆ’ಗೆ ನೀರು, ರಸ್ತೆಯ ದೂರೂ ಸೇರುತ್ತದೆ. ಸಹಿಯಾದ ಒಪ್ಪಂದದ ಇಂಥ ಕಲಮನ್ನು ಮೀರಿದ್ದಾರೆ ಎಂಬುದಷ್ಟೇ ಇಲ್ಲಿ ಗ್ರೀವೆನ್ಸ್. ಇದಕ್ಕೆ ಒಂದೇ ಪದ ಸಿಕ್ಕಿಲ್ಲ. ಕಾರ್ಖಾನೆ, ಸಾರಿಗೆ ಸಂಘಗಳಲ್ಲಿ ಕೆಲಸ ಮಾಡಿದವರು ಇದ್ದರೆ, ಅಲ್ಲಿ ಏನನ್ನುತ್ತಿದ್ದಿರಿ ಎಂದು ದಯವಿಟ್ಟು ತಿಳಿಸಿ.