ಕೆರೆ ನೀರಿನ ಪ್ರೊಟಿಸ್ಟ್‌ಗಳನ್ನು ಯಾವ ಗುಂಪಿಗೆ ಸೇರಿಸೋದು?

ಪ್ರಶ್ನೆ: ಪ್ರಥಮ ಪಿಯುಸಿ ಪಠ್ಯದಲ್ಲಿ ಪ್ರೊಟಿಸ್ಟಾ (ಹೆಚ್ಚಾಗಿ ಏಕಕೋಶದ, ಕೋಶಕೇಂದ್ರ ಇರೋ ಜೀವಿಗಳು) ಅಂದ್ರೆ ಕ್ರೈಸೋಫೈಟ್, ಡೈನೋಫ್ಲಾಜೆಲೇಟ್, ಯೂಗ್ಲಿನಾಯ್ಡ್, ಸ್ಲೈಮ್ ಮೋಲ್ಡ್, ಪ್ರೊಟೊಜೋವಾ ಅಂತ ಐದು ಗುಂಪು. ಹೊಸ ವರ್ಗೀಕರಣದಲ್ಲಿ ‘ಸಾರ್’, ‘ಡಿಸ್ಕೋಬಾ’ ಅಂತೆಲ್ಲ ಇದೆ. ಲ್ಯಾಬಿನಲ್ಲಿ ಕೆರೆ ನೀರು ತೋರಿಸುವಾಗ ಯಾವುದನ್ನು ಹಿಡಿಯಲಿ?

ಉತ್ತರ 1: ಮೇಡಂ, ಪರೀಕ್ಷೆಗೆ ಪಠ್ಯದ ಐದೇ ಇರಲಿ. ಅದರ ಚೌಕಟ್ಟು 1969ರಲ್ಲಿ ವಿಟೇಕರ್ ಅನ್ನೋ ವಿಜ್ಞಾನಿ ಕೊಟ್ಟ ಐದು ಸಾಮ್ರಾಜ್ಯಗಳ ವರ್ಗೀಕರಣದ್ದು. ಈಗ ಸಂಶೋಧಕರು ನೋಡೋದು ಪ್ರೊಟಿಸ್ಟ್ ತಜ್ಞರ ಅಂತರರಾಷ್ಟ್ರೀಯ ಸಂಘ 2019ರಲ್ಲಿ ಪರಿಷ್ಕರಿಸಿದ ಪಟ್ಟಿ. ಪ್ಯಾರಮೀಸಿಯಂ, ಮಲೇರಿಯಾದ ಪ್ಲಾಸ್ಮೋಡಿಯಂ, ಡೈನೋಫ್ಲಾಜೆಲೇಟ್ ಮೂರೂ ಅದರಲ್ಲಿ ಆಲ್ವಿಯೋಲೇಟಾ. ಕೋಶದ ಹೊರಪೊರೆಯ ಅಡಿಯಲ್ಲಿ ಚಪ್ಪಟೆ ಚೀಲಗಳಿರೋದು ಗುರುತು. ಡಯಾಟಮ್ (ಸಿಲಿಕಾ ಚಿಪ್ಪಿನ ಪಾಚಿ, ಪಠ್ಯದಲ್ಲಿ ಕ್ರೈಸೋಫೈಟ್) ಸ್ಟ್ರಮೆನೊಪೈಲ್ ಅನ್ನೋ ಗುಂಪು. ಆಲ್ವಿಯೋಲೇಟಾ, ಸ್ಟ್ರಮೆನೊಪೈಲ್ ಎರಡಕ್ಕೂ ರೈಜೇರಿಯಾ ಅನ್ನೋ ಗುಂಪು ಸೇರಿಸಿದ್ರೆ ಸಾರ್. ಯೂಗ್ಲಿನಾ ಡಿಸ್ಕೋಬಾಕ್ಕೆ ಹೋಗುತ್ತೆ. ಪ್ರೊಟೊಜೋವಾ ಅನ್ನೋ ಗುಂಪು ಮಾತ್ರ ಚೆಲ್ಲಾಪಿಲ್ಲಿ, ಅದರ ಸದಸ್ಯರು ಬೇರೆ ಬೇರೆ ಗುಂಪಿಗೆ.

ಉತ್ತರ 2: ಮೊದಲು ಬಣ್ಣ ಹಾಕದೆ, ಜೀವಂತವಾಗಿ ನೋಡಿ. ಓಡಾಟ ಜಾಸ್ತಿಯಾದ್ರೆ 2% ಮೀಥೈಲ್ ಸೆಲ್ಯುಲೋಸ್ ಒಂದು ಹನಿ. ಆಮೇಲೆ ಕವರ್ ಸ್ಲಿಪ್‌ನ ಒಂದು ಅಂಚಿಗೆ ಲುಗೋಲ್ ಅಯೋಡಿನ್ ಬಿಟ್ಟು, ಎದುರು ಅಂಚಿನಿಂದ ಫಿಲ್ಟರ್ ಪೇಪರ್‌ನಲ್ಲಿ ಎಳೆಯಿರಿ. ಹಸಿರು ಪಾಚಿಯ ಪಿಷ್ಟ ಕಪ್ಪು-ನೀಲಿಗೆ ತಿರುಗುತ್ತೆ. ಯೂಗ್ಲಿನಾ ಆಹಾರ ಕೂಡಿಡೋ ಪ್ಯಾರಮೈಲಮ್ ಕಣ ಬಣ್ಣ ಹಿಡಿಯಲ್ಲ. ಅಯೋಡಿನ್ ಮೊದಲೇ ಹಾಕಿದ್ರೆ ಎಲ್ಲ ಕಂದು, ಹಸಿರು ಯಾವುದು ಹೊಂಬಣ್ಣ ಯಾವುದು ತಿಳಿಯಲ್ಲ. ನೀರು ಆರಿದ್ರೆ ಕವರ್ ಸ್ಲಿಪ್ ಒತ್ತಿ ಪ್ಯಾರಮೀಸಿಯಂ ಒಡೆದುಹೋಗುತ್ತೆ, ಅಂಚಿಗೆ ಹನಿ ಕೊಡ್ತಾ ಇರಿ.

ಎಡವೋದು ಅಮೀಬಾದಲ್ಲೇ. ದಪ್ಪ, ಮೊಂಡು ತುದಿಯ ಮಿಥ್ಯಾಪಾದವಾದ್ರೆ (ಚಲಿಸಲು ಚಾಚೋ ಕೋಶದ ಭಾಗ) ಸಾಮಾನ್ಯವಾಗಿ ಅಮೀಬೊಜೋವಾ ಗುಂಪು. ನೂಲಿನಂತೆ ಕವಲೊಡೆದಿದ್ರೆ ರೈಜೇರಿಯಾ ಇರಬಹುದು. ಪಕ್ಕದಿಂದ ತಟ್ಟನೆ ಉಬ್ಬು ಚಿಮ್ಮಿ ಮುಂದೆ ಹೋದ್ರೆ ನೇಗ್ಲೇರಿಯಾ ಅನ್ನೋ ಅಮೀಬಾದ ಕಡೆಯದು, ಅದು ಡಿಸ್ಕೋಬಾದಲ್ಲಿ ಯೂಗ್ಲಿನಾದ ನೆಂಟ! ಭಟ್ಟಿ ಇಳಿಸಿದ ನೀರಿಗೆ ಹಾಕಿದ್ರೆ ಕಶಾಂಗ (ಚಾವಟಿಯಂಥ ಎಳೆ) ಬೆಳೆಸಿಕೊಂಡು ಈಜುತ್ತೆ. ಈ ಪರೀಕ್ಷೆ ಮಕ್ಕಳ ಕೈಲಿ ಬೇಡ, ಇದರ ಒಂದು ಜಾತಿ ಮೂಗಿನಿಂದ ಮಿದುಳಿಗೆ ಹೋಗುತ್ತೆ.

ಉತ್ತರ 3: ಆಕಾರ ನೋಡಿ ಖಚಿತ ಹೇಳಕ್ಕಾಗಲ್ಲ. 18ಎಸ್ ಅನ್ನೋ ರೈಬೋಸೋಮ್ ಜೀನಿನ ವಿ4 ಭಾಗದ ಡಿಎನ್‌ಎ ಕ್ರಮ ಓದಿಸಿ, ಪಿಆರ್2 ಅನ್ನೋ ಪ್ರೊಟಿಸ್ಟ್ ಜೀನುಗಳ ದತ್ತಾಂಶದ ಜೊತೆ ಹೋಲಿಸಿ. ಆದ್ರೆ ಸಿಲಿಯೇಟ್‌ಗಳಲ್ಲಿ (ಪ್ಯಾರಮೀಸಿಯಂನಂಥವು) ಈ ಜೀನಿನ ಪ್ರತಿಗಳು ವಿಪರೀತ, ಓದು ಜಾಸ್ತಿ ಬಂತು ಅಂತ ಕೋಶ ಜಾಸ್ತಿ ಅನ್ಬೇಡಿ. ವೇಗವಾಗಿ ಬದಲಾದ ಜೀನೂ ಮೋಸ ಮಾಡುತ್ತೆ: ಮೈಕ್ರೋಸ್ಪೊರಿಡಿಯಾ ಅನ್ನೋ ಪರಾವಲಂಬಿ ಗುಂಪನ್ನು ಜೀವವೃಕ್ಷದ ಬುಡಕ್ಕೆ ಇಟ್ಟಿದ್ರು, ಈಗ ಅದು ಶಿಲೀಂಧ್ರಗಳ ಪಕ್ಕ.

ಉತ್ತರ 4: ಮಲೆನಾಡಿನ ಮಕ್ಕಳಿಗೆ ಅಡಿಕೆ ಕೊಳೆರೋಗ ತೋರಿಸಿ. ಅದನ್ನು ತರೋ ಫೈಟಾಫ್ತೊರಾ ನೋಡಕ್ಕೆ ಬೂಷ್ಟಿನ ಹಾಗೇ ಇದೆ, ಆದ್ರೆ ಡಯಾಟಮ್ ಇರೋ ಸ್ಟ್ರಮೆನೊಪೈಲ್ ಗುಂಪಿನದು, ಕೋಶಭಿತ್ತಿಯಲ್ಲಿ ಸೆಲ್ಯುಲೋಸ್. ರೋಗದ ಕಾಯಿಯ ತುಂಡನ್ನು ನೀರಲ್ಲಿಟ್ಟು ಸ್ಪೊರಾಂಜಿಯಾ (ಬೀಜಕದ ಚೀಲಗಳು) ಮೂಡಿದ ಮೇಲೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಹೊರಗೆ ತೆಗೆದ್ರೆ ಎರಡು ಕಶಾಂಗದ ಬೀಜಕಗಳು ಈಜೋದು ಕಾಣಬಹುದು. ಗುಂಪು ಯಾವುದು ಅನ್ನೋದು ತೋಟದಲ್ಲೂ ಮುಖ್ಯ. ಇದು ಶಿಲೀಂಧ್ರಗಳ ಕೋಶಪೊರೆಯಲ್ಲಿರೋ ಎರ್ಗೊಸ್ಟೆರಾಲ್ ತಯಾರಿಸೋದೇ ಇಲ್ಲ, ಹಾಗಾಗಿ ಅದನ್ನು ತಡೆಯೋ ಟ್ರಯಜೋಲ್ ಔಷಧಿ ಹೊಡೆದು ಪ್ರಯೋಜನ ಇಲ್ಲ. 1% ಬೋರ್ಡೋ ದ್ರಾವಣವೇ ಸರಿ: 100 ಲೀಟರ್ ನೀರಿಗೆ ತಲಾ 1 ಕೆಜಿ ಮೈಲುತುತ್ತು, ಸುಣ್ಣ. ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪಗೆ ತಾಮ್ರ ಕೂತ್ರೆ ಇನ್ನಷ್ಟು ಸುಣ್ಣ ಬೇಕು.